ಹನ್ನೊಂದು ಗಂಟೆಯ ಗಾಡಿ

ನಮ್ಮ ಪಂಚಾಯ್ತಿ ಮುಖ್ಯಸ್ಥ ಸವಾಗೆ ಬಾಯಿದೆ, ಬುದ್ಧಿಯಿಲ್ಲ. "ಹನ್ನೊಂದಕ್ಕೆ ಗಾಡಿ ಬರತ್ತೆ, ಎಲ್ಲರೂ ರಸ್ತೆಗೆ ಬನ್ನಿ" ಅಂತ ಫೋನಲ್ಲಿ ಹೇಳಿ ಇಟ್ಟುಬಿಟ್ಟ. ಯಾವ ಗಾಡಿ ಅಂತ ಹೇಳಬಾರದಾ ಮಹಾರಾಯ? ರಷ್ಯದವರು ಯುಕ್ರೇನಿಗೆ ನುಗ್ಗಿದಾಗಿನಿಂದ ನಮ್ಮ ವೆರ್ಬಿವ್ಕಾಗೆ ಪೊಲೀಸರನ್ನ ಮುಂದಿಟ್ಟುಕೊಂಡು ಬರೋದು ಒಂದೇ ಥರದ ಗಾಡಿ. ಅದರಲ್ಲಿ ಊರಿನ ಯಾವುದೋ ಹುಡುಗನ ಶವಪೆಟ್ಟಿಗೆ ಇರತ್ತೆ. ರಸ್ತೆಯ ಎರಡೂ ಕಡೆ ಮಂಡಿಯೂರಿ ನಾವು ಅವನನ್ನ ಬರಮಾಡಿಕೊಳ್ತೀವಿ. ಐದು ಸಲ ಆಗಿದೆ. ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಸಲ ಯಾರು ಅಂತಲೂ ಯಾರೂ ಕೇಳಲಿಲ್ಲ. ನಮ್ಮೂರಿಂದ ಯುದ್ಧಕ್ಕೆ ಹೋಗಿ ಸುದ್ದಿಯಿಲ್ಲದವನು ಒಬ್ಬನೇ, ಓರಿಸ್ಯಾಳ ಮಗ ದೆಮ್ಯಾನ್. ಎಂಟು ತಿಂಗಳಾಯ್ತು. ಬದುಕಿದ್ದಾನೋ, ಸೆರೆ ಸಿಕ್ಕಿದ್ದಾನೋ, ಒಂದೂ ಗೊತ್ತಿಲ್ಲ. ನಾನು ಊರಿನ ಅಂಚೆಯವಳು; ನನ್ನ ಸೈಕಲ್ ಕಂಡರೆ ಸಾಕು, ಅವಳು ಬಾಗಿಲು ಹಾಕಿಕೊಳ್ತಾಳೆ.

ಅವತ್ತು ಕರೆಯೋಕೆ ನಾನೇ ಹೋದೆ.

"ಬರ್ತೀನಿ ಮೆಲಾನ್ಯಾ" ಅಂದಳು. "ಆದ್ರೆ ಮಂಡಿಯೂರಲ್ಲ. ನಾನು ಮಂಡಿಯೂರಿದ್ರೆ ಅವನು ಹೋದ ಅಂತ ಒಪ್ಕೊಂಡ ಹಾಗೆ ಕಣೇ."

ಸೈರನ್ ಕೇಳಿಸಿತು, ನೀಲಿ ದೀಪ ಕಂಡಿತು. ಇಡೀ ಊರು ಕೆಸರಲ್ಲಿ ಮಂಡಿಯೂರಿತು. ಓರಿಸ್ಯಾ ಒಬ್ಬಳೇ ನನ್ನ ಭುಜ ಹಿಡಿದು ನಿಂತಿದ್ದಳು.

ಗಾಡಿಯಿಂದ ಇಳಿದದ್ದು ಶವಪೆಟ್ಟಿಗೆಯಲ್ಲ. ಹೊಳೆಯೋ ಬೂಟು ಹಾಕಿದ ನಾಲ್ಕು ಜನ ವಿದೇಶಿ ಮಹನೀಯರು! ನಮ್ಮಂಥವರು ಶಾಂತಿ ಅಂದರೆ ಏನಂದುಕೊಂಡಿದ್ದೀವಿ ಅಂತ ಕೇಳಿ ತಿಳಿಯೋಕೆ ಬಂದ ಶಾಂತಿ ನಿಯೋಗವಂತೆ. ಮಂಡಿಯೂರಿದ ನಮ್ಮನ್ನು ಕಂಡು ಅವರ ಮುಖಂಡನ ಕಣ್ಣು ತುಂಬಿಬಂತು.

"ಶಾಂತಿಗೋಸ್ಕರ ಇಷ್ಟು ಹಂಬಲಿಸೋ ಜನರನ್ನ ಎಲ್ಲೂ ನೋಡಿಲ್ಲ ಅಂತಿದ್ದಾರೆ" ಅಂದಳು ಜೊತೆಗಿದ್ದ ದುಭಾಷಿ ಹುಡುಗಿ.

ಓರಿಸ್ಯಾ ಗಾಡಿಯೊಳಗೆ ಇಣುಕಿದಳು. ಸೀಟು, ಬ್ಯಾಗು, ನೀರಿನ ಬಾಟ್ಲಿ. ಅಷ್ಟೇ. ಓಡಿಹೋಗಿ ಆ ಮುಖಂಡನನ್ನ ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟಳು. ಅಳ್ತಾಳೆ, ನಗ್ತಾಳೆ. ಅವನು ಜೇಬಿಂದ ಪುಸ್ತಕ ತೆಗೆದ.

"ತಾಯಿ, ಶಾಂತಿ ಅಂದ್ರೆ ನಿಮಗೇನು?"

"ಗಾಡೀಲಿ ನೀವಿದ್ರಲ್ಲಪ್ಪ, ಅದೇ. ಇವತ್ತಿಗೆ ಅಷ್ಟು ಸಾಕು."

ಎದೆ ಮುಟ್ಟಿಕೊಂಡು ಬರೆದುಕೊಂಡ. ಏನಂತ ಅರ್ಥ ಮಾಡಿಕೊಂಡನೋ, ಪುಣ್ಯಾತ್ಮ. ಆಮೇಲೆ ನನ್ನ ಕಡೆ ತಿರುಗಿ, ಶಾಂತಿ ಸಿಗೋದಾದ್ರೆ ಸ್ವಲ್ಪ ನೆಲ ಬಿಟ್ಟುಕೊಡ್ತೀರಾ ಅಂತ ಕೇಳಿದ.

"ಯಾರ ನೆಲ? ನಿಮ್ಮದಾದ್ರೆ ಧಾರಾಳವಾಗಿ" ಅಂದೆ. ಸವಾ ನನ್ನ ಕಾಲು ತುಳಿದ.

ಹೊರಡೋ ಹೊತ್ತಿಗೆ ಅವರ ಫೋಟೋದವನು ಗೊಣಗೋಕೆ ಶುರುಮಾಡಿದ. ನಾವು ಮಂಡಿಯೂರಿದಾಗ ಅವನಿನ್ನೂ ಗಾಡಿಯೊಳಗಿದ್ದನಂತೆ, ಒಳ್ಳೇ ಚಿತ್ರ ತಪ್ಪಿಹೋಯ್ತಂತೆ. ಇನ್ನೊಂದು ಸಲ ಎಲ್ಲರೂ ಮಂಡಿಯೂರಬಹುದಾ, ಈ ಸಲ ಆ ತಾಯಿಯೂ ಸೇರಿ?

"ಒಂದೇ ನಿಮಿಷದ ಕೆಲಸ ಕಣ್ರಮ್ಮ" ಅಂತ ಸವಾ ಗೋಗರೆದ.

ಓರಿಸ್ಯಾ ಕಣ್ಣೊರೆಸಿಕೊಂಡಳು. "ನಾವು ಮಂಡಿಯೂರೋದು ಪೆಟ್ಟಿಗೇಲಿ ಬಂದವರಿಗೆ ಮಾತ್ರ. ಇವರಲ್ಲಿ ಯಾರು ಅದರಲ್ಲಿ ಮಲಗ್ತಾರಂತೆ, ಕೇಳು ಮಗಳೇ."

ದುಭಾಷಿ ಹುಡುಗಿ ಒಂದು ಪದವನ್ನೂ ಬಿಡದೆ ಅವರ ಭಾಷೆಯಲ್ಲಿ ಅವರನ್ನ ಕೇಳಿದಳು.