ಟೈಲರನ ವಿಮಾನ

“ನೀನು ಹೂಂ ಅನ್ನೋವರೆಗೂ ನಾನು ನೆಲ ಬಿಡಲ್ಲ” ಎಂದು ಟೈಲರ್ ಮದುವೆಯ ಹೊಸದರಲ್ಲೇ ಹೆಂಡತಿಗೆ ಮಾತು ಕೊಟ್ಟಿದ್ದ. ಅವಳು ಹೂಂ ಅಂದಿರಲೇ ಇಲ್ಲ. ಈಗ ಹೆಣದ ಪಕ್ಕ ಕೂತು, ಅವನ ತಣ್ಣಗಿನ ಕೈ ಹಿಡಿದು, ಉಗುರಿನ ಸಂದಿಯ ಕಪ್ಪನ್ನು ಒದ್ದೆ ಬಟ್ಟೆಯಿಂದ ತಿಕ್ಕುತ್ತಿದ್ದಳು.

“ಬಿಡೇ, ಎಂಜಿನ್ ಎಣ್ಣೆ, ಹೋಗಲ್ಲ,” ಎಂದಳು ಅವನ ಅಕ್ಕ. “ಕೋಟು ಹೊಲಿಯೋ ಅಂದ್ರೆ ವಿಮಾನ ಕಟ್ತೀನಿ ಅಂತ ಕೂತ. ಭಾನುವಾರ ಬಂದ್ರೆ ಶೆಡ್ಡು. ಹಾರದೇ ಬಿಟ್ಟಿರ್ತಾನಾ? ನೀನೊಬ್ಬಳು ನಂಬ್ಕೊಂಡಿರು!”

ಅವಳೂ ನಂಬಿರಲಿಲ್ಲ.

*

ಭಾನುವಾರ ಸಂಜೆ ಅವನು ಸಿಳ್ಳೆ ಹಾಕುತ್ತ ಬರುತ್ತಿದ್ದ. ಕೂದಲೆಲ್ಲ ಗಾಳಿಗೆ ಕೆದರಿರುತ್ತಿತ್ತು.

“ಏನಾಯ್ತು ಇವತ್ತು?”

“ಏನಾಗತ್ತೆ? ಎರಡು ಸಲ ಕೆಮ್ಮಿ ನಿಂತೋಯ್ತು. ಪ್ಲಗ್ಗಿಗೆ ಕಿಡಿನೇ ಬರಲ್ಲ.”

“ಹೋದ ವರ್ಷಾನೂ ಇದನ್ನೇ ಅಂದ್ರಿ.”

“ಅದಕ್ಕೂ ನಿನ್ನ ಹಂಗೇ ಹಠ ಕಣೇ.”

ಅವನು ನಗುತ್ತಿದ್ದ. ಅವಳು ಅಂಗಿಯನ್ನು ಮೂಸಿ ನೋಡಿ ನೆನೆಹಾಕುತ್ತಿದ್ದಳು.

*

ಮಣ್ಣು ಮಾಡಿ ಬಂದ ಮೇಲೆ, ಅವನ ಜೊತೆ ವಿಮಾನ ಕಟ್ಟಿದ್ದ ಮೆಕ್ಯಾನಿಕ್ಕನ್ನು ಅವಳು ಹಿತ್ತಲಿಗೆ ಕರೆದಳು.

“ಇನ್ನಾದ್ರೂ ನಿಜ ಹೇಳಿ. ನನಗೆ ಕಾಣದ ಹಾಗೆ ಎಷ್ಟು ಸಲ ಹಾರಿದ್ರು?”

ಮೆಕ್ಯಾನಿಕ್ ಅವಳನ್ನು ಓರೆಗಣ್ಣಿನಿಂದ ನೋಡಿದ. “ನಿಜ ನೀವು ಹೇಳ್ಬೇಕು ಅತ್ತಿಗೆ. ಪ್ಲಗ್ ಬದಲಾಯಿಸಿದೆ, ಕಾಯಿಲ್ ಬದಲಾಯಿಸಿದೆ. ವಾರವೆಲ್ಲ ಗುಂಯ್ ಅಂತ ಓಡೋದು, ಹಾರೋಣ ಅಂದ ದಿನವೇ ಸಾಯೋದು. ಶೆಡ್ಡಿನ ಬೀಗದ ಕೈ ಇದ್ದಿದ್ದು ನಿಮ್ಮ ಮನೇಲಿ.”

“ನಾನಾ? ಆ ಕಡೆ ತಲೆ ಹಾಕಿ ಮಲಗಿದವಳಲ್ಲ ನಾನು!”

“ಹಂಗಾದ್ರೆ ಬನ್ನಿ, ನೋಡೇ ಬಿಡೋಣ.”

ಶೆಡ್ಡಿನಲ್ಲಿ ಮೆಕ್ಯಾನಿಕ್ ಎಂಜಿನ್ ಆಫ್ ಮಾಡುವ ಸ್ವಿಚ್ಚಿನ ತಂತಿಗೆ ಬೆರಳಿಟ್ಟ. “ಇದು ವಿಮಾನದ ಕಬ್ಬಿಣಕ್ಕೆ ತಾಗಿದ್ರೆ ಸಾಕು, ಕಿಡಿ ಸಾಯತ್ತೆ.” ತಂತಿ ಸೀಟಿನ ಪಕ್ಕದ ಬಟ್ಟೆಯೊಳಗೆ ನುಸುಳಿತ್ತು. “ಒಳಗಡೆ ನಾನು ನೋಡಿಲ್ಲ. ಅದು ಟೈಲರ್ ಕೆಲಸ, ಕೈ ಹಾಕಕ್ಕೆ ಬಿಡ್ತಿರಲಿಲ್ಲ.”

ಅವಳೇ ಟಿಚ್ ಬಟನ್‌ಗಳನ್ನು ಚಟಚಟನೆ ಬಿಚ್ಚಿದಳು.

ಒಳಗೆ ತಂತಿಯ ಸಿಪ್ಪೆ ಸುಲಿದು, ಕಬ್ಬಿಣಕ್ಕೆ ಸೇರಿಸಿ ಕಪ್ಪು ದಾರದಿಂದ ಕಟ್ಟಿತ್ತು.

“ಯಾರೋ ಬೇಕಂತಲೇ ಕಟ್ಟಿದಾರೆ,” ಎಂದು ಮೆಕ್ಯಾನಿಕ್ ಅವಳತ್ತಲೇ ನೋಡಿದ.

ಅವಳು ಬಗ್ಗಿ ನೋಡಿದಳು. ಬುಡಕ್ಕೆ ಬಿಗಿಯಾಗಿ ಸುತ್ತಿ, ತುದಿ ಹೊರಗೆ ಕಾಣದಂತೆ ಒಳಕ್ಕೆಳೆದ ಗಂಟು. ಗಂಡ ಕೋಟಿನ ಗುಂಡಿಗಳನ್ನು ಮುಗಿಸುತ್ತಿದ್ದುದು ಹೀಗೇ. ಬಟ್ಟೆಯನ್ನು ಇನ್ನಷ್ಟು ಎಳೆದಳು. ಬಿಚ್ಚಲು ಕತ್ತರಿಸಿ, ಮತ್ತೆ ಕಟ್ಟಿ, ಮತ್ತೆ ಕತ್ತರಿಸಿದ ಕಪ್ಪು ದಾರದ ತುಂಡುಗಳು ಅವಳ ಪಾದದ ಮೇಲೆ ರಾಶಿಯಾಗಿ ಉದುರಿದವು.

ಟೈಲರ್ ಒಂದು ದಿನವೂ ನೆಲ ಬಿಟ್ಟಿರಲಿಲ್ಲ.