ಕೀಲಿ ಹಾಕಿದ ಬಾಗಿಲು, ತುಂಬಿದ ಬಾಟ್ಲಿ

ಲತಾ ಶಾಲೆಯಿಂದ ಬಂದವಳೇ ಬ್ಯಾಗನ್ನು ಹೊಸ್ತಿಲ ಮೇಲೆ ಎಸೆದು ಹಿತ್ತಲಿನ ಕಕ್ಕಸಿಗೆ ಓಡುತ್ತಿದ್ದಳು. ಅಲ್ಲಿಂದ ನೇರ ನೀರಿನ ಕೊಡದ ಹತ್ತಿರ. ಒಂದು ಚೊಂಬು ಗಟಗಟ ಕುಡಿದು, ಉಸಿರು ಬಿಟ್ಟು, ಇನ್ನೊಂದು ಚೊಂಬು. ದಿನಾ ಸಂಜೆ ಇದೇ ಪಾಡು. ಬೆಳಿಗ್ಗೆ ಅವಳ ತಾಯಿ ಮುದ್ದಕ್ಕ ತುಂಬಿಸಿ ಕೊಟ್ಟ ಬಾಟ್ಲಿ ಮಾತ್ರ ಬ್ಯಾಗಿನಲ್ಲಿ ತುಂಬಿದ್ದು ತುಂಬಿದಂತೆಯೇ ಇರುತ್ತಿತ್ತು.

“ಏನೇ ಇದು? ನೀರಿಗೆ ಊರು ತೋರಿಸ್ಕೊಂಡು ಬರಾಕೆ ಹೊತ್ಕೊಂಡು ಹೋಗ್ತೀಯೇನೇ?” ಅಂತ ಮುದ್ದಕ್ಕ ಬೈಯುವಳು.

“ಮರ್ತೋತು ಕಣವ್ವ.”

“ಬಾಯಾರಿಕೆ ಮರೆಯೋ ಮಕ್ಕಳನ್ನ ನಾನು ಇಲ್ಲೇ ನೋಡಿದ್ದು!”

ಅಷ್ಟಕ್ಕೇ ಮಾತು ಮುಗಿಯುತ್ತಿತ್ತು. ರೊಪ್ಪದಲ್ಲಿ ಕುರಿಮರಿಗಳು ಅರಚುತ್ತಿದ್ದವು. ಒಲೆ ಮೇಲೆ ಎಸರು ಕುದಿಯುತ್ತಿತ್ತು. ಹೆಣ್ಣುಮಗಳು ನೀರು ಯಾಕೆ ಕುಡಿಯುವುದಿಲ್ಲ ಎಂದು ಕೂತು ಯೋಚಿಸುವ ಪುರುಸೊತ್ತು ಧರ್ಮಪುರ ಹೋಬಳಿಯ ಜಾಲಿಮರಡಿ ಹಟ್ಟಿಯಲ್ಲಿ ಯಾರಿಗಿದೆ?

ಆ ವರ್ಷ ಹಟ್ಟಿಯ ಚಿಂತೆಯೆಲ್ಲ ಇಲಿಗಳದ್ದು. ಶೇಂಗಾ ಸುಗ್ಗಿ ಮುಗಿದಿತ್ತು. ಮುಂದಿನ ಬಿತ್ತನೆಗೆ ಎತ್ತಿಟ್ಟ ಬೀಜದ ಕಾಯಿಯನ್ನು ಇಲಿಗಳು ಚೀಲ ಕೊರೆದು ತಿನ್ನುತ್ತಿದ್ದವು. ಮುದ್ದಕ್ಕನ ಗಂಡ ಕಾಟಯ್ಯ ಒಂದು ದಿನ ನಗುನಗುತ್ತಾ ಬಂದು, “ಬೀಜಕ್ಕೆ ಜಾಗ ಸಿಕ್ತು ಕಣೆ. ದಾಸಣ್ಣ ಸ್ಕೂಲ್ ರೂಮಲ್ಲಿ ಇಡಿಸ್ಯಾನೆ. ಆರ್‌ಸಿಸಿ ಛಾವಣಿ, ಕಬ್ಬಿಣದ ಬಾಗ್ಲು. ಇಲಿ ಅಲ್ಲ, ಇಲಿ ಅಪ್ಪ ಬಂದ್ರೂ ಒಳಗೆ ಹೋಗಾಕಾಗಲ್ಲ” ಎಂದಿದ್ದ. ದಾಸಣ್ಣ ಶಾಲೆಯ ಆಡಳಿತ ಸಮಿತಿ, ಅಂದರೆ ಎಸ್‌ಡಿಎಂಸಿಯ ಅಧ್ಯಕ್ಷ. ಪುಣ್ಯಾತ್ಮ, ಊರಿಗೆಲ್ಲ ಉಪಕಾರ ಮಾಡ್ತಾನೆ ಅಂತ ಮುದ್ದಕ್ಕ ಕೈ ಮುಗಿದಿದ್ದಳು.

ಸಂಕ್ರಾಂತಿ ಕಳೆದು ಬಿಸಿಲು ಏರುವ ಹೊತ್ತಿಗೆ ಲತಾಗೆ ಜ್ವರ ಬಂತು. ಸಣ್ಣ ಜ್ವರವಲ್ಲ, ಮೈ ನಡುಗಿಸುವ ಜ್ವರ. ಕಿಬ್ಬೊಟ್ಟೆ ನೋವು, ಮೂತ್ರಕ್ಕೆ ಹೋದರೆ ಉರಿ. ಹುಡುಗಿ ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ಮುದ್ದಕ್ಕ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ನೋಡಿ, ಪರೀಕ್ಷೆ ಮಾಡಿಸಿ, ಮಾತ್ರೆ ಬರೆದರು. ಆಮೇಲೆ ಮುದ್ದಕ್ಕನನ್ನು ಪಕ್ಕಕ್ಕೆ ಕರೆದರು.

“ಇವಳು ಹಗಲೆಲ್ಲ ನೀರು ಕುಡಿಯಲ್ಲ. ಮೂತ್ರ ತಡ್ಕೊಳ್ತಾಳೆ. ಅದಕ್ಕೇ ಸೋಂಕಾಗಿದೆ. ಹೀಗೇ ಬಿಟ್ರೆ ಕಿಡ್ನಿಗೆ ಹೋಗುತ್ತೆ. ಶಾಲೆಯಲ್ಲಿ ಶೌಚಾಲಯ ಇಲ್ವಾ?”

“ಐತ್ರಿ. ಚೆನ್ನಾಗಿರೋದನ್ನೇ ಕಟ್ಟಿಸ್ಯಾರೆ. ಗೋಡೆ ಮೇಲೆ ಹುಡುಗಿ ಚಿತ್ರಾನೂ ಬರೆಸ್ಯಾರೆ” ಎಂದಳು ಮುದ್ದಕ್ಕ. ಹೇಳುತ್ತಾ ಮಗಳ ಮುಖ ನೋಡಿದಳು. ಲತಾ ತಲೆ ಬಗ್ಗಿಸಿದಳು.

ಬಸ್ಸಿನಲ್ಲಿ ಬರುವಾಗ ಮೆಲ್ಲಗೆ ಬಾಯಿ ಬಿಟ್ಟಳು. “ಅದಕ್ಕೆ ಕೀಲಿ ಹಾಕ್ಯಾರೆ ಕಣವ್ವ. ಜಾಲಿ ಮರೆಗೆ ಹೋದ್ರೆ ರಸ್ತೆ ಕಾಣುತ್ತೆ. ಗಾಡಿಯೋರು ಹಾರ್ನ್ ಹೊಡೀತಾರೆ. ಅದಕ್ಕೇ ನಾವು ಯಾರೂ ನೀರು ಕುಡಿಯಲ್ಲ. ಮುಟ್ಟಾದ ದಿನ ಸ್ಕೂಲಿಗೇ ಬರಲ್ಲ.”

ಯಾರೂ. ಆ ಮಾತು ಮುದ್ದಕ್ಕನ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಮನೆಗೆ ಬಂದು ಹೇಳಿದರೆ ಕಾಟಯ್ಯ ಬೀಡಿ ಹಚ್ಚುತ್ತಾ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ. “ಹಂಗಾದ್ರೆ ಸ್ಕೂಲು ಸಾಕು. ಏಳನೇ ಕ್ಲಾಸು ಓದಿದ್ದಾಳಲ್ಲ, ಇನ್ನೇನು ಕಲೆಕ್ಟ್ರು ಆಗ್ಬೇಕಾ? ಮನೇಲಿರ್ಲಿ, ಮರಿ ನೋಡ್ಕಳ್ಳಿ.”

ಹಾಸಿಗೆಯಲ್ಲಿ ಮಲಗಿದ್ದ ಲತಾ ಕಣ್ಣು ಮುಚ್ಚಿಕೊಂಡೇ ಇದ್ದಳು. ಆದರೆ ಅವಳು ನಿದ್ದೆ ಮಾಡುತ್ತಿಲ್ಲ ಎಂಬುದು ಮುದ್ದಕ್ಕನಿಗೆ ತಿಳಿಯುತ್ತಿತ್ತು. ರೆಪ್ಪೆ ಒದ್ದೆಯಾಗಿತ್ತು. ಆದರೂ ಮುದ್ದಕ್ಕ ಎದುರಾಡಲಿಲ್ಲ. ಪ್ರಾಣಕ್ಕಿಂತ ಓದು ದೊಡ್ಡದಾ?

ಮಾರನೇ ದಿನ ಪಕ್ಕದ ಮನೆ ಅನುಸೂಯ ಹುಡುಗಿಗೆ ಗಂಜಿ ತಂದಳು. ಪಿಯುಸಿ ಓದಿದವಳು, ಸ್ತ್ರೀಶಕ್ತಿ ಸಂಘದಲ್ಲಿ ಇದ್ದವಳು. ಬಾಯಿ ಸ್ವಲ್ಪ ಜೋರು. ವಿಷಯ ಕೇಳಿದ್ದೇ ಗಂಜಿ ಪಾತ್ರೆಯನ್ನು ಕುಕ್ಕಿದಳು.

“ಅಲ್ಲ ಮುದ್ದಕ್ಕ, ಕೀಲಿ ಹಾಕಿದೋರು ಯಾರೋ, ಶಿಕ್ಷೆ ನಿನ್ನ ಮಗಳಿಗಾ? ಯಾಕೆ ಕೀಲಿ ಹಾಕ್ಯಾರೆ ಅಂತ ಕೇಳಿದ್ದೀಯಾ?”

“ಸರ್ಕಾರದ ಸ್ಕೂಲು ಕಣೆ. ನಾವು ಯಾರು ಕೇಳಾಕೆ? ಮೇಷ್ಟ್ರು, ಅಧ್ಯಕ್ಷರು ಏನು ಮಾಡ್ತಾರೋ ಅದೇ.”

“ಆ ಅಧ್ಯಕ್ಷರನ್ನ ಯಾರು ಮಾಡಿದ್ದು? ನಾವು! ಎಸ್‌ಡಿಎಂಸಿ ಅಂದ್ರೆ ಓದೋ ಮಕ್ಕಳ ತಾಯಿ ತಂದೆಗಳೇ. ಅರ್ಧಕ್ಕೆ ಅರ್ಧ ಹೆಂಗಸ್ರು ಇರ್ಬೇಕು ಅಂತ ನಿಯಮ ಐತೆ. ಹೆಣ್ಮಕ್ಕಳಿಗೆ ಬೇರೆ ಶೌಚಾಲಯ, ಕುಡಿಯಾಕೆ ನೀರು, ಇವೆಲ್ಲ ಯಾರೋ ಕೊಡೋ ಭಿಕ್ಷೆ ಅಲ್ಲ, ಕಾನೂನಲ್ಲೇ ಐತೆ.”

“ನೀನು ಓದಿದೋಳು, ಮಾತಾಡ್ತೀಯ. ನನ್ನ ಮಾತು ಯಾರು ಕೇಳ್ತಾರೆ?”

“ಎಲ್ಲರ ಮಂದೆ ಒಂದೇ ಕಡೆ ಕೂಡಿಹಾಕಿದಾಗ ನಿನ್ನ ಮರಿ ಕುಂಟಿದ್ರೆ ಸುಮ್ನಿರ್ತೀಯಾ? ಕಾಯೋನ ಜುಟ್ಟು ಹಿಡಿಯಲ್ವಾ? ಸ್ಕೂಲಲ್ಲಿ ಇರೋದೂ ನಿನ್ನ ಮರೀನೇ ಕಣಕ್ಕ. ನನ್ನ ತಂಗೀನ ರಾಮಗಿರಿ ಹತ್ರ ಕೊಟ್ಟಿದ್ದೀವಲ್ಲ, ಅವರೂರಲ್ಲೂ ಹಿಂಗೇ ಆಗಿತ್ತು. ಹೆಂಗಸ್ರೆಲ್ಲ ಸೇರಿ ಸಭೇಲಿ ಕೇಳಿದ್ರು. ಈಗ ಕೀಲೀನೂ ಇಲ್ಲ, ನಲ್ಲೀಲಿ ನೀರೂ ಬರ್ತೈತೆ. ಶನಿವಾರ ಪೋಷಕರ ಸಭೆ ಐತೆ. ಹೋಗಾಣ.”

ಮುದ್ದಕ್ಕ ಈವರೆಗೆ ಒಂದು ಸಭೆಗೂ ಹೋದವಳಲ್ಲ. ಸಭೆ ಅಂದರೆ ಗಂಡಸರು ಕುರ್ಚಿ ಮೇಲೆ ಕೂತು ಟೀ ಕುಡಿಯುವುದು ಎಂದೇ ತಿಳಿದಿದ್ದಳು. ಅಂದು ಸೆರಗು ಬಿಗಿದು ಹೊರಟಳು. ಜ್ವರ ಬಿಟ್ಟಿದ್ದ ಲತಾ ಹಿಂದೆ ಹಿಂದೆ ಬಂದಳು.

ಶಾಲೆಯ ಜಗಲಿಯಲ್ಲಿ ಕೈಬೆರಳೆಣಿಕೆಯ ಜನ. ಮುಖ್ಯಶಿಕ್ಷಕ ಮೋಹನ್‌ಕುಮಾರ್ ಎದ್ದು ನಿಂತು, “ಬರ್ರಿ, ಕುಂತ್ಕಳ್ರಿ” ಎಂದರು. ಕ್ರೀಡಾಕೂಟದಲ್ಲಿ ಮಕ್ಕಳು ಗೆದ್ದ ಸುದ್ದಿ ಹೇಳಿದರು. ಪ್ರತಿಭಾ ಕಾರಂಜಿಯ ಫೋಟೊ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವುದನ್ನೇ ಕಾಯುತ್ತಿದ್ದ ಮುದ್ದಕ್ಕ ನಡುಗುವ ದನಿಯಲ್ಲಿ ಕೇಳಿದಳು.

“ಸಾರ್, ಹೆಣ್ಮಕ್ಕಳ ಕಕ್ಕಸಿಗೆ ಕೀಲಿ ಯಾಕೆ ಹಾಕೀರಿ?”

ಮೇಷ್ಟ್ರ ಮುಖ ಸಣ್ಣಗಾಯಿತು. “ಕೀಲಿ ನನ್ನ ಹತ್ರ ಇಲ್ಲಮ್ಮ. ಅಧ್ಯಕ್ಷರ ಹತ್ರ ಇದೆ. ಒಂದು ವಾರದ ಮಟ್ಟಿಗೆ ಅಂದಿದ್ರು. ಸುಗ್ಗಿಯಿಂದ ಆ ವಾರ ಇನ್ನೂ ಮುಗಿದಿಲ್ಲ.”

ದಾಸಣ್ಣ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕ. “ಏನು ಮುದ್ದಕ್ಕ, ಇಷ್ಟು ಸಣ್ಣ ವಿಷಯಕ್ಕೆ ಸಭೇಲಿ ಮಾತಾ? ಹೊರಗೆ ಬಯಲಿಲ್ವಾ? ನಾವೆಲ್ಲ ಎಲ್ಲಿಗೆ ಹೋಗಿ ದೊಡ್ಡೋರಾದ್ವಿ?”

ಕೆಲವರು ನಕ್ಕರು. ಮುದ್ದಕ್ಕನ ಮೈ ಉರಿದುಹೋಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಹೊಟ್ಟೆ ಹಿಡಿದು ಮುದುಡಿಕೊಂಡಿದ್ದ ಮಗಳು ಕಣ್ಣ ಮುಂದೆ ಬಂದಳು. ಅಲ್ಲಿಯವರೆಗೂ ದಾಸಣ್ಣನಿಗೆ ‘ನೀವು’ ಎನ್ನುತ್ತಿದ್ದ ಬಾಯಲ್ಲಿ ‘ನೀನು’ ಬಂತು.

“ನನ್ನ ಮಗಳು ನಿನ್ನ ಕೀಲಿಯಿಂದ ಸಾಯ್ತಿದ್ಲು. ಅದು ಸಣ್ಣ ವಿಷಯನಾ? ಏಳು ಮೇಲೆ. ಬಾಗ್ಲು ತೆಗಿ. ಒಳಗೆ ಅದ್ಯಾವ ಚಿನ್ನ ಇಟ್ಟೀಯ ನೋಡೇ ಬಿಡ್ತೀನಿ!”

ನಗು ನಿಂತಿತು. ಅನುಸೂಯ ಎದ್ದಳು. ಅವಳ ಹಿಂದೆ ಉಳಿದ ಹೆಂಗಸರು ಎದ್ದರು. ದಾಸಣ್ಣ ಸುತ್ತ ನೋಡಿದ. ಬೇರೆ ದಾರಿ ಕಾಣದೆ ಜೇಬಿನಿಂದ ಕೀಲಿಕೈ ತೆಗೆದ.

ಕಬ್ಬಿಣದ ಬಾಗಿಲು ಕಿರುಗುಟ್ಟಿ ತೆರೆಯಿತು. ಒಣಶೇಂಗಾದ ವಾಸನೆ ಮುಖಕ್ಕೆ ಹೊಡೆಯಿತು. ನೆಲದಿಂದ ಛಾವಣಿವರೆಗೆ ಚೀಲಗಳು. ಕಕ್ಕಸಿನ ಗುಂಡಿ ಮೇಲೆ ಕಲ್ಲುಚಪ್ಪಡಿ, ಅದರ ಮೇಲೂ ಚೀಲ. ಕೈ ತೊಳೆಯುವ ಬೇಸಿನ್ನಿನಲ್ಲಿ ಒಂದು ಹಳೇ ತಕ್ಕಡಿ, ಅದರ ನಲ್ಲಿಯ ಪೈಪು ಮುರಿದಿತ್ತು.

“ಥೂ! ಯಾರವೋ ಇವು?” ಎಂದು ಮುದ್ದಕ್ಕ ಕೂಗಿದಳು. “ಯಾವ ಕಣ್ಣಿಲ್ಲದೋರು ಇಟ್ರೋ?”

ದಾಸಣ್ಣನ ತುಟಿ ಓರೆಯಾಯಿತು. “ನಾನೊಬ್ಬನೇ ಇಟ್ಟಿಲ್ಲ. ಗುರುತು ನೋಡ್ಕೋ.”

ಹಟ್ಟಿಯವರು ಕುರಿ ಬೆನ್ನಿಗೆ ಬಳಿಯುವ ಬಣ್ಣದಲ್ಲೇ ಬೀಜದ ಚೀಲಕ್ಕೂ ಗುರುತು ಹಾಕುತ್ತಾರೆ. ಮನೆಮನೆಗೂ ಬೇರೆ ಬೇರೆ ಗುರುತು. ಬಾಗಿಲಿಗೆ ತಾಗಿದಂತೆ, ಎಲ್ಲಕ್ಕಿಂತ ಮುಂದೆ ಇದ್ದ ಚೀಲದ ಮೇಲೆ ಕೆಂಪು ಅಡ್ಡಗೆರೆ, ಅದರ ಪಕ್ಕ ಒಂದು ಬೊಟ್ಟು.

ಅದು ಕಾಟಯ್ಯನ ಗುರುತು. ಇಲಿ ನುಸುಳದ ‘ಸ್ಕೂಲ್ ರೂಮು’ ಇದೇ!

ಮುದ್ದಕ್ಕ ತಿರುಗಿ ಮಗಳನ್ನು ನೋಡಿದಳು. “ನಿನಗೆ ಗೊತ್ತಿತ್ತೇನೇ?”

ಲತಾ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ಹೇಳಿದಳು. “ಚೀಲ ಇಡೋವಾಗ ನೋಡಿದ್ದೆ. ಅಪ್ಪನೇ ಇಟ್ಟಿದ್ದು. ಇನ್ಯಾರಿಗೆ ಹೇಳ್ಲವ್ವ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮುದ್ದಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ತನ್ನ ಮನೆಯ ಚೀಲದ ಎರಡೂ ಕಿವಿ ಹಿಡಿದು ದರದರ ಎಳೆದಳು. ಶಾಲೆ ಅಂಗಳದ ಬಿಸಿಲಿಗೆ ತಂದು ಕೆಡವಿದಳು.

“ಬೀಜಕ್ಕೆ ಇಲಿ ಬೀಳಬಾರ್ದು ಅಂತ ಹೆತ್ತ ಮಗಳನ್ನ ಜ್ವರಕ್ಕೆ ಹಾಕಿದ್ವಲ್ರೋ! ಕಾಯಿಗೆ ಕಬ್ಬಿಣದ ಬಾಗ್ಲು, ಹುಡುಗೀರಿಗೆ ಜಾಲಿ ಮುಳ್ಳು! ನಾಚಿಕೆ ಆಗಲ್ವಾ ನಮಗೆ? ಬರ್ರಿ, ನಿಮ್ಮ ನಿಮ್ಮ ಗುರುತು ನೋಡ್ಕೊಂಡು ಎಳೀರಿ!”

ಒಬ್ಬೊಬ್ಬರಾಗಿ ಬಂದರು. ಕೆಲವರು ತಲೆ ತಗ್ಗಿಸಿ, ಕೆಲವರು ಗೊಣಗುತ್ತಾ. ಕೊನೆಗೆ ಉಳಿದವು ದಾಸಣ್ಣನ ಚೀಲಗಳು. ಅವೇ ಅರ್ಧ ಕೋಣೆ ತುಂಬಿದ್ದವು.

“ನಾನೆಲ್ಲಿಗೆ ಹೊತ್ಕೊಂಡು ಹೋಗ್ಲಿ ಇಷ್ಟನ್ನ?” ಎಂದು ದಾಸಣ್ಣ ರೇಗಿದ.

“ಹೊಸಾ ಮನೇಲಿ ಟೈಲ್ಸ್ ಹಾಕ್ಸಿ ಎರಡು ಬಾತ್‌ರೂಮ್ ಕಟ್ಸಿದ್ದೀರಲ್ಲ ದಾಸಣ್ಣ” ಎಂದಳು ಅನುಸೂಯ. “ಅಲ್ಲಿ ತುಂಬ್ರಿ. ನೀವು ಜಾಲಿ ಮರೆಗೆ ಹೋಗ್ರಿ. ಹೆಂಗೂ ಅಲ್ಲೇ ಹೋಗಿ ದೊಡ್ಡೋರಾದೋರು!”

ಈಗ ನಕ್ಕವರೇ ಬೇರೆ. ದಾಸಣ್ಣನ ಹೆಂಡತಿ ಏಕಾಂತಮ್ಮ ಹೆಂಗಸರ ಗುಂಪಿನಲ್ಲೇ ನಿಂತಿದ್ದಳು. ಗಂಡನ ಮುಖ ನೋಡದೆ ಮುಂದೆ ಬಂದು ಒಂದು ಚೀಲಕ್ಕೆ ಕೈ ಹಾಕಿದಳು. “ಮಗ ಇಲ್ಲೇ ಓದ್ತಾನೆ, ಬರೋ ವರ್ಷ ನಮ್ಮ ಮಗಳೂ ಈ ಸ್ಕೂಲಿಗೇ ಬರೋಳು. ಹಿಡ್ಕಳ್ರಿ ಆ ಕಡೆ” ಎಂದು ಗಂಡನಿಗೇ ಹೇಳಿದಳು. ದಾಸಣ್ಣ ಹಿಡಿದುಕೊಂಡ. ಹಿಡಿಯದೆ ಏನು ಮಾಡಿಯಾನು?

ಆಮೇಲೆ ಸಭೆ ಮತ್ತೆ ಕೂತಿತು. ಈ ಸಲ ಯಾರೂ ಟೀ ಕೇಳಲಿಲ್ಲ. ಶಾಲೆ ನಡೆಯುವ ಹೊತ್ತಿನಲ್ಲಿ ಆ ಬಾಗಿಲಿಗೆ ಬೀಗ ಬೀಳಬಾರದು, ಮುರಿದ ಪೈಪನ್ನು ಪಂಚಾಯಿತಿಯವರು ಸರಿಮಾಡಬೇಕು, ಅಲ್ಲಿವರೆಗೆ ಶಾಲೆಯ ಡ್ರಮ್ಮಿನಲ್ಲಿ ನೀರು ತುಂಬಿಸಿಡಬೇಕು ಎಂದು ಠರಾವಾಯಿತು. ಪಂಚಾಯಿತಿ ಮಾಡದಿದ್ದರೆ ಹಿರಿಯೂರಿಗೆ, ಬಿಇಒ ಆಫೀಸಿಗೇ ಹೋಗುವುದು ಎಂದು ಮುದ್ದಕ್ಕನೇ ಹೇಳಿದಳು. ಮೇಷ್ಟ್ರು ಅದನ್ನೂ ಬರೆದುಕೊಂಡು, “ನಾನು ಮೊದಲೇ ಗಟ್ಟಿಯಾಗಿ ಕೇಳ್ಬೇಕಿತ್ತಮ್ಮ” ಎಂದರು.

“ಕೇಳ್ಬೇಕಿತ್ರಿ” ಎಂದಳು ಮುದ್ದಕ್ಕ. ಸಮಾಧಾನದ ಮಾತು ಅವಳಿಂದ ಬರಲಿಲ್ಲ.

ಸಂಜೆ ಕಾಟಯ್ಯ ಕುರಿ ಹೊಡೆದುಕೊಂಡು ಬಂದ. ಮನೆ ಅಂಗಳಕ್ಕೆ ಬಂದಿದ್ದ ಚೀಲ ನೋಡಿ ಕೂಗಾಡಿದ. “ಯಾರೇ ಇದನ್ನ ತಂದೋರು? ಇಲಿ ತಿಂದು ಹಾಕ್ತಾವಲ್ಲೇ!”

ಬೆಳಿಗ್ಗೆಯಿಂದ ಮಾತಾಡಿ ಮಾತಾಡಿ ಮುದ್ದಕ್ಕನ ದನಿ ಕಟ್ಟಿತ್ತು. ಮೆತ್ತಗೆ ಹೇಳಿದಳು.

“ಮಂದೇಲಿ ಒಂದು ಕುರಿ ನೀರು ಮುಟ್ಟಲಿಲ್ಲ ಅಂದ್ರೆ ಸಂಜೆಯೊಳಗೆ ನಿನಗೆ ಗೊತ್ತಾಗ್ತೈತೆ. ಬಾಯಿ ತೆಗೆದು ನೋಡ್ತೀಯ, ಹೊಟ್ಟೆ ಒತ್ತಿ ನೋಡ್ತೀಯ. ಮಗಳು ತಿಂಗಳುಗಟ್ಲೆ ನೀರು ಮುಟ್ಟಲಿಲ್ಲ. ನಿನಗೂ ಗೊತ್ತಾಗ್ಲಿಲ್ಲ, ನನಗೂ ಗೊತ್ತಾಗ್ಲಿಲ್ಲ. ಈ ಚೀಲ ಎಲ್ಲಿತ್ತು ಗೊತ್ತಾ? ಅವಳು ಕೂರೋ ಜಾಗದಾಗೆ ಇತ್ತು.”

“ಆ ರೂಮು… ಹುಡುಗೀರು ಹೋಗ್ತಾರೆ ಅಂತ…” ಕಾಟಯ್ಯನ ಮಾತು ಅಲ್ಲೇ ನಿಂತಿತು. ಗೋಡೆಯ ಮೇಲಿನ ಹುಡುಗಿ ಚಿತ್ರವನ್ನು ಅವನೂ ನೋಡಿದ್ದ. ನೋಡಿಯೂ ಚೀಲ ಇಳಿಸಿದ್ದ.

ಅವನು ಬೀಡಿ ಎಸೆದ. ಒಳಗಿನಿಂದ ಹಗ್ಗ ತಂದು ಚೀಲವನ್ನು ತೊಲೆಗೆ ಬಿಗಿಯಾಗಿ ನೇತುಹಾಕಿದ. ಇಷ್ಟು ಸುಲಭದ ಕೆಲಸವನ್ನು ಇಷ್ಟು ದಿನ ಯಾರೂ ಮಾಡಿರಲಿಲ್ಲ. ಕೆಳಗೆ ಇಳಿದವನು ಮಗಳ ಕಡೆ ನೋಡದೆ, “ಸೋಮವಾರ ಸ್ಕೂಲಿಗೆ ನಾನೇ ಬಿಟ್ಟು ಬರ್ತೀನಿ” ಎಂದ.

ಸೋಮವಾರ ಸಂಜೆ ಲತಾ ಬಂದಳು. ಹಿತ್ತಲಿಗೆ ಓಡಲಿಲ್ಲ. ಕೊಡದ ಹತ್ತಿರವೂ ಹೋಗಲಿಲ್ಲ. ಒಲೆಯ ಮುಂದೆ ಕೂತಿದ್ದ ಅವ್ವನ ಕಿವಿಯ ಹತ್ತಿರ ಬಾಟ್ಲಿ ಹಿಡಿದು ಅಲ್ಲಾಡಿಸಿದಳು. ಸದ್ದೇ ಬರಲಿಲ್ಲ. ಮುದ್ದಕ್ಕ ಆ ಖಾಲಿ ಬಾಟ್ಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊತ್ತು ಕಳೆದರೂ ಕೆಳಗಿಡಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿದ ಮೇಲೆ ಒಂದು ಕೆಲಸ ಮಾಡಿ. ಇವತ್ತು ಸಂಜೆ ನಿಮ್ಮ ಮಗಳು ಶಾಲೆಯಿಂದ ಬಂದಾಗ ಅವಳ ನೀರಿನ ಬಾಟ್ಲಿಯನ್ನು ಎತ್ತಿ ನೋಡಿ. ಭಾರವಾಗಿದ್ದರೆ ಅವಳನ್ನು ಬೈಯಬೇಡಿ. ನಾಳೆ ಬೆಳಿಗ್ಗೆ ಶಾಲೆಗೆ ನಡೆಯಿರಿ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ತೆಗೆಸಿ, ಒಳಗೆ ಹೋಗಿ ನೋಡಿ. ನೀರಿದೆಯಾ, ಚಿಲಕವಿದೆಯಾ, ಚೀಲವಿದೆಯಾ? ಪೋಷಕರ ಸಭೆ ಎಂದು ಕರೆದಾಗ ಕೆಲಸವಿದೆ ಎನ್ನಬೇಡಿ, ಇದೇ ಕೆಲಸ. ಶಾಲೆಯಲ್ಲಿ ಕೇಳದಿದ್ದರೆ ಪಂಚಾಯಿತಿಯಲ್ಲಿ ಕೇಳಿ, ಅಲ್ಲಿಯೂ ಆಗದಿದ್ದರೆ ಬಿಇಒ ಕಚೇರಿಯಲ್ಲಿ ಕೇಳಿ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು.

ಚೀಲದ ಮೇಲೆ ನಿಮ್ಮದೇ ಗುರುತು ಕಂಡರೆ ನಾಚಿಕೊಂಡು ಹಿಂದೆ ಬರಬೇಡಿ. ಅದನ್ನೇ ಮೊದಲು ಎಳೆಯಿರಿ.