ಗದಿಗೆಮ್ಮನ ಎದೆಯ ತಂತಿ

ಹಿಮಾಯತ್‌ನಗರದ ಗಲ್ಲಿಯೊಂದರಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದ ಗದಿಗೆಮ್ಮನ ಎದೆಯಲ್ಲಿ ಪೇಸ್‌ಮೇಕರ್ ಇತ್ತು. ಹಿಂದೊಮ್ಮೆ ಜ್ವರ ಬಂದು ನಾಡಿ ಕುಸಿದು ಬಿದ್ದಾಗ ಹಾಕಿದ್ದು. ಅಂದಿನಿಂದ ಆಕೆ ಒಲೆಯ ಹತ್ತಿರ ಸುಳಿದಿರಲಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕ ಕೂತು, ಸೊಸೆ ಉಮಾಶ್ರೀ ತಟ್ಟಿದ ರೊಟ್ಟಿ ದಪ್ಪವಾಯಿತು, ಪುಂಡಿಪಲ್ಯಕ್ಕೆ ಉಪ್ಪು ಸಾಲದು ಎಂದು ಹೇಳುವುದಷ್ಟೇ ಅವಳ ಕೆಲಸ. ಊಟಕ್ಕೆ ಬರುವ ಸಾಫ್ಟ್‌ವೇರ್ ಹುಡುಗರು ಹೊಸದಾಗಿ ಕೊಂಡ ಮೊಬೈಲುಗಳನ್ನು, ಯಂತ್ರ ಕೆಟ್ಟೀತೆಂದು, ಬಾಗಿಲಲ್ಲೇ ಆಫ್ ಮಾಡಬೇಕಿತ್ತು. ಅಮೆರಿಕದ ಕಂಪನಿಗಳಿಗೆ ಜವಾಬು ಹೇಳುವವರು ಗದಿಗೆಮ್ಮನ ಯಂತ್ರಕ್ಕೆ ಹೆದರಿ ತೆಪ್ಪಗೆ ಉಣ್ಣುತ್ತಿದ್ದರು. ಮಗ ಕಾಶಿನಾಥ ಎದುರಾಡಿದರೆ ಆಕೆ ಎದೆಯ ಮೇಲೆ ಕೈಯಿಡುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಆ ಬೇಸಿಗೆಯಲ್ಲಿ ಯಂತ್ರ ಕೂತಿದ್ದ ಜಾಗ ಕೆಂಪಾಗಿ ಊದಿ ಕೀವು ತುಂಬಿತು. ಯಂತ್ರವನ್ನೂ ಅದರಿಂದ ಹೃದಯದೊಳಕ್ಕೆ ಇಳಿದಿದ್ದ ತಂತಿಯನ್ನೂ ತೆಗೆಯದಿದ್ದರೆ ನಂಜು ರಕ್ತಕ್ಕೇರುತ್ತದೆ ಎಂದರು ಆಸ್ಪತ್ರೆಯವರು. ಆದರೆ ಇಷ್ಟು ವರ್ಷಗಳಲ್ಲಿ ತಂತಿ ಒಳಗಿನ ಮಾಂಸಕ್ಕೆ ಅಂಟಿಕೊಂಡಿತ್ತು. ಜೋರಾಗಿ ಎಳೆದರೆ ಹೃದಯವೇ ಹರಿಯಬಹುದು.

ತಂತಿ ತೆಗೆಯುವ ಹಿಂದಿನ ಸಂಜೆ ಡಾಕ್ಟರ್ ಅಹಲ್ಯಾ ಬಂದಳು. ಮೈಸೂರಿನ ಹುಡುಗಿ. ತಂತಿ ಎಳೆಯುವವರು ಬೇರೆ ಡಾಕ್ಟರು. ತಾನು ಅನ್ನನಾಳದೊಳಗೆ ಸಣ್ಣ ಕೊಳವೆ ಇಳಿಸಿ, ಅಲ್ಟ್ರಾಸೌಂಡಿನಲ್ಲಿ ಹೃದಯವನ್ನು ಪರದೆಯ ಮೇಲೆ ನೋಡುತ್ತಿರುತ್ತೇನೆ ಎಂದು ವಿವರಿಸಿದಳು.

“ತಂತಿ ಜೊತೆ ಹೃದಯದ ಗೋಡೆನೂ ಬರ್ತಿದೆ ಅನ್ನಿಸಿದ್ರೆ ನಿಲ್ಲಿಸಿ ಅಂತೀನಮ್ಮ.”

“ಅಂದ್ರ ನೀವು ಕುಂತು ನೋಡ್ತೀರಿ, ಹಂಗಲ್ಲ ಹಿಂಗ ಅಂತೀರಿ.”

“ಹೌದು.”

“ಭಾಳ ಜವಾಬ್ದಾರಿ ಕೆಲಸರಿ ಅದು,” ಎಂದಳು ಗದಿಗೆಮ್ಮ, ಮಗನ ಕಡೆ ನೋಡುತ್ತ. “ನಮ್ಮ ಮನ್ಯಾಗ ಯಾರಿಗೂ ತಿಳಿಯಂಗಿಲ್ಲ.”

ಮರುದಿನ ಒಳಗೆ ನಡೆದದ್ದು ಅವಳಿಗೆ ಎಚ್ಚರವಾದ ಮೇಲೆ ತಿಳಿಯಿತು. ತಂತಿಯ ತುದಿ ಬಿಡದೆ ಹೃದಯದ ಗೋಡೆ ಒಳಕ್ಕೆ ಗುಳಿಬಿದ್ದದ್ದು ಪರದೆಯ ಮೇಲೆ ಕಂಡಿತ್ತು. ಅಹಲ್ಯಾ ತಡೆದಳು. ತಂತಿ ಎಳೆಯುತ್ತಿದ್ದ ದೊಡ್ಡ ಡಾಕ್ಟರು ಗೊಣಗಿಕೊಂಡೇ ಕೈ ಸಡಿಲಿಸಿ, ತಂತಿಯ ಮೇಲೆ ಕೊಳವೆ ಜಾರಿಸುತ್ತ ಅಂಟನ್ನು ಮೆಲ್ಲಗೆ ಬಿಡಿಸಿದರು. ತಂತಿ ಇಡಿಯಾಗಿ ಬಂತು. ಹೃದಯದ ಸುತ್ತ ರಕ್ತ ಸೋರಿಲ್ಲ ಎಂದು ಖಾತ್ರಿಯಾಗುವವರೆಗೆ ಅಹಲ್ಯಾ ಪರದೆ ಬಿಟ್ಟು ಕದಲಲಿಲ್ಲ.

ನಂಜು ಇಳಿಯುವತನಕ ತಾತ್ಕಾಲಿಕ ತಂತಿಯೊಂದನ್ನು ಇಟ್ಟು ನಾಡಿ ನೋಡಿದರು. ಆಮೇಲೊಂದು ಬೆಳಿಗ್ಗೆ ಅಹಲ್ಯಾ ನಗುತ್ತ ಬಂದು, ಹೃದಯ ತಾನಾಗಿಯೇ ಚೆನ್ನಾಗಿ ಬಡಿದುಕೊಳ್ಳುತ್ತಿದೆ, ಇನ್ನು ಹೊಸ ಯಂತ್ರ ಬೇಕಿಲ್ಲ ಎಂದಳು.

ಗದಿಗೆಮ್ಮನ ಮುಖ ಇಳಿಯಿತು. ಇನ್ನೊಮ್ಮೆ ಸರಿಯಾಗಿ ನೋಡಬೇಕೆಂದು ಹಟ ಹಿಡಿದಳು. ಅಹಲ್ಯಾ ನೋಡಿದಳು, ಹಿಂದಿನ ದಿನಕ್ಕಿಂತ ಚೆನ್ನಾಗಿತ್ತು.

“ಸಣ್ಣದೊಂದಾದ್ರೂ ಹಾಕ್ರಿ,” ಎಂದಳು ಗದಿಗೆಮ್ಮ. ಆಮೇಲೆ ದನಿ ತಗ್ಗಿಸಿ, “ಹೋಗ್ಲಿ, ಮನಿಯವರಿಗೆ ಹೇಳಬ್ಯಾಡ್ರಿ.”

ಕಾಶಿನಾಥನಿಗೆ ಆಗಲೇ ಹೇಳಿಯಾಗಿತ್ತು. ಅವನು ಹೊರಗೆ ನರ್ಸುಗಳಿಗೆ ಪೇಡೆ ಹಂಚುತ್ತಿದ್ದ.

ಗಾಯ ಮಾಗಿ ಅತ್ತೆ ಓಡಾಡುವಂತಾದ ಮೇಲೆ ಉಮಾಶ್ರೀ ಬ್ಯಾಗು ತುಂಬಿಕೊಂಡು ಸೇಡಂನ ತವರಿಗೆ ಹೊರಟಳು. ಆಕೆಯನ್ನು ತಡೆಯಲು ಯಾರಿಗೂ ಕಾರಣ ಸಿಗಲಿಲ್ಲ. ಗದಿಗೆಮ್ಮ ಹಂಚಿನ ಮುಂದೆ ಕೂತಳು. ಮೊದಲ ರೊಟ್ಟಿ ಹರಿಯಿತು, ಮುಂದಿನವು ಸೀದವು. ವಾರ ಕಳೆಯುವಷ್ಟರಲ್ಲಿ ಕೈ ಕುದುರಿತು. ಹಂಚಿನ ಮೇಲೆ ರೊಟ್ಟಿ ಉಬ್ಬಿ ಬಂದಾಗ ಅವಳಿಗೆ ಬೇಡಬೇಡವೆಂದರೂ ಖುಷಿಯಾಗುತ್ತಿತ್ತು.

ಅಂಥದೇ ಹೊತ್ತಿನಲ್ಲಿ ಸೇಡಂನಿಂದ ಫೋನ್ ಬಂತು. ಹೆಂಗಿದ್ದೀರಿ ಎಂದು ಉಮಾಶ್ರೀ ಕೇಳಿದಳು. ಒಲೆಯ ಕಡೆಗೇ ಕಣ್ಣಿಟ್ಟಿದ್ದ ಗದಿಗೆಮ್ಮ, ಇಷ್ಟು ವರ್ಷ ಯಾರ ಮುಂದೆಯೂ ಆಡದಿದ್ದ ಮಾತನ್ನು ಆಡಿಬಿಟ್ಟಳು.

“ಆರಾಮ ಅದೀನಿ.”

“ಹಂಗಿದ್ರ ಪಂಚಮಿ ಹಬ್ಬ ಮುಗಿಸ್ಕೊಂಡೇ ಬರ್ತೀನ್ರಿ ಅತ್ತಿ,” ಎಂದು ಉಮಾಶ್ರೀ ಫೋನ್ ಇಟ್ಟಳು.